ಉರಿದ ಪೆಟ್ರೋಲ್ ಹೋಗಿದ್ದೆಲ್ಲಿಗೆ?

ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು ಮುಕ್ಕಾಲು ಕಿಲೋ. ಅದು ಎಂಜಿನ್ನಿನಲ್ಲಿ ಉರಿದ ಮೇಲೆ ಹೊರಬರುವ ಕಾರ್ಬನ್ ಡೈಆಕ್ಸೈಡ್ ಎಷ್ಟು ತೂಗುತ್ತದೆ ಗೊತ್ತಾ? ಸುಮಾರು 2.3 ಕಿಲೋ. ಈ ಮಾತು ಕೇಳಿದವರು ಮೊದಲು ಹುಬ್ಬೇರಿಸುತ್ತಾರೆ. ಸುಟ್ಟ ಮೇಲೆ ತೂಕ ಕಡಿಮೆಯಾಗಬೇಕು, ಮೂರು ಪಟ್ಟಾಗುವುದು ಹೇಗೆ?

ಉತ್ತರ ಗಾಳಿಯಲ್ಲಿದೆ. ಆ ಲೀಟರಿನಲ್ಲಿ ಸುಮಾರು 640 ಗ್ರಾಂ ಇಂಗಾಲ ಇರುತ್ತದೆ. ಉರಿಯುವಾಗ ಇಂಗಾಲದ ಒಂದೊಂದು ಪರಮಾಣುವೂ ಗಾಳಿಯಿಂದ ಆಮ್ಲಜನಕದ ಎರಡು ಪರಮಾಣುಗಳನ್ನು ಹಿಡಿದುಕೊಳ್ಳುತ್ತದೆ. ಇಂಗಾಲದ ಪರಮಾಣು 12 ಪಾಲು ತೂಗಿದರೆ ಆಮ್ಲಜನಕದ್ದು ತಲಾ 16. ಎಲ್ಲ ಕೂಡಿದರೆ 44. ಅಂದರೆ ಒಳಗಿದ್ದ 12 ಗ್ರಾಂ ಇಂಗಾಲ 44 ಗ್ರಾಂ ಅನಿಲವಾಗಿ ಹೊರಗೆ ಬರುತ್ತದೆ. 640ನ್ನು 44ರಿಂದ ಗುಣಿಸಿ 12ರಿಂದ ಭಾಗಿಸಿ ನೋಡಿ, ಲೆಕ್ಕ ಸರಿಹೋಗುತ್ತದೆ. ಅಷ್ಟು ಅನಿಲಕ್ಕೆ ಬೇಕಾಗುವ ಜಾಗ 1,200 ಲೀಟರಿಗೂ ಜಾಸ್ತಿ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಾಗಾಗಿ ಅದು ಯಾರ ಗಮನಕ್ಕೂ ಬರುವುದಿಲ್ಲ.

ಪರಿಸರಸ್ನೇಹಿ ಬದುಕು ಎಂದ ಕೂಡಲೇ ನಮಗೆ ನೆನಪಾಗುವುದು ಕಸ, ಪ್ಲಾಸ್ಟಿಕ್, ಕಪ್ಪು ಹೊಗೆ. ಎಲ್ಲವೂ ಕಣ್ಣಿಗೆ ಕಾಣುವಂಥವು. ಅವುಗಳ ಹಾನಿ ಸಣ್ಣದೇನಲ್ಲ. ಆದರೆ ಯೋಚನೆ ಮಾಡದೆ ಬದುಕಿದ್ದರ ಫಲ ತಲೆಮಾರುಗಳವರೆಗೆ ಉಳಿಯುವುದು ಈ ಕಾಣದ ಅನಿಲದಲ್ಲಿ. ನಾವು ಒಂದು ವರ್ಷ ಹೊರಬಿಟ್ಟಿದ್ದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟನ್ನು ಗಿಡಮರ, ಮಣ್ಣು, ಸಮುದ್ರ ಸೇರಿ ಹೀರಿಕೊಳ್ಳುತ್ತವೆ. ಉಳಿದದ್ದು ಗಾಳಿಯಲ್ಲೇ ಇರುತ್ತದೆ. ಅದರಲ್ಲಿ ಒಂದಷ್ಟು ನೂರಾರು ವರ್ಷಗಳಲ್ಲಿ ನಿಧಾನವಾಗಿ ಸಮುದ್ರದ ಆಳಕ್ಕೆ ಇಳಿಯುತ್ತದೆ. ಸಾವಿರ ವರ್ಷ ಕಳೆದರೂ ಹೊರಬಿಟ್ಟಿದ್ದರ ಸುಮಾರು ಐದನೇ ಒಂದು ಪಾಲು ಮೇಲೇ ಉಳಿದಿರುತ್ತದೆ.

ಇಲ್ಲಿ ಒಂದು ವಾದ ಪದೇ ಪದೇ ಕಿವಿಗೆ ಬೀಳುತ್ತದೆ. ಉಸಿರಾಡಿದರೂ ಅದೇ ಅನಿಲ ಬರುತ್ತೆ, ಜ್ವಾಲಾಮುಖಿಯಿಂದಲೂ ಬರುತ್ತೆ, ಸುಮ್ನೆ ವಾಹನಗಳನ್ನು ಯಾಕೆ ದೂರೋದು ಅಂತ. ಈ ಮಾತು ಕೇಳಿದರೆ ನನಗೆ ತಾಳ್ಮೆ ತಪ್ಪುತ್ತದೆ. ಉತ್ತರ 70 ವರ್ಷಗಳ ಹಿಂದೆಯೇ ಸಿಕ್ಕಿದೆ, ಅದೂ ಬಲು ಸೊಗಸಾದ ಉತ್ತರ.

ನಮ್ಮ ಉಸಿರಿನ ಇಂಗಾಲ ಬರುವುದು ಊಟದಿಂದ. ಊಟ ಬರುವುದು ಗಿಡದಿಂದ. ಗಿಡ ಅದನ್ನು ಗಾಳಿಯಿಂದಲೇ ತೆಗೆದುಕೊಂಡಿರುತ್ತದೆ, ಅದೂ ಇತ್ತೀಚೆಗೆ. ತೆಗೆದದ್ದನ್ನು ತಿರುಗಿ ಕೊಟ್ಟ ಹಾಗಾಯಿತು, ಗಾಳಿಯ ಲೆಕ್ಕದಲ್ಲಿ ಹೊಸದೇನೂ ಸೇರುವುದಿಲ್ಲ. ಪೆಟ್ರೋಲು, ಕಲ್ಲಿದ್ದಲಿನ ಇಂಗಾಲ ಹಾಗಲ್ಲ, ಅದು ಕೋಟ್ಯಂತರ ವರ್ಷ ನೆಲದಡಿ ಹೂತಿದ್ದದ್ದು. ಇವೆರಡನ್ನೂ ಬೇರೆ ಬೇರೆ ಎಂದು ಗುರುತಿಸಲು ಒಂದು ದಾರಿ ಇದೆ. ಬಾಹ್ಯಾಕಾಶದಿಂದ ಬರುವ ಕಿರಣಗಳು ಮೇಲಿನ ಗಾಳಿಗೆ ಬಡಿದಾಗ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಹುಟ್ಟುತ್ತದೆ. ಬದುಕಿರುವ ಪ್ರತಿಯೊಂದರ ಮೈಯಲ್ಲೂ ಅದು ಚೂರು ಇರುತ್ತದೆ. ಜೀವ ಹೋದ ಮೇಲೆ ಪ್ರತಿ 5,730 ವರ್ಷಕ್ಕೆ ಅದು ಅರ್ಧದಷ್ಟಾಗುತ್ತಾ ಬರುತ್ತದೆ. ಕೋಟಿ ವರ್ಷ ಹೂತಿದ್ದ ಕಲ್ಲಿದ್ದಲಿನಲ್ಲಿ ಅದು ಚೂರೂ ಉಳಿದಿರುವುದಿಲ್ಲ. ಹಾಗಾದರೆ ಕಲ್ಲಿದ್ದಲು ಸುಟ್ಟ ಗಾಳಿಯಲ್ಲಿ ಇಂಗಾಲ-14ರ ಪಾಲು ತೆಳುವಾಗಬೇಕು, ಅಲ್ವಾ? ಹ್ಯಾನ್ಸ್ ಸ್ಯೂಸ್ ಎಂಬ ರಸಾಯನ ವಿಜ್ಞಾನಿ ಇದನ್ನು ಮರದಲ್ಲಿ ಹುಡುಕಿದರು. ಹೊಸದಾಗಿ ಬೆಳೆದ ಮರದಲ್ಲಿ ಆ ಪಾಲು ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ನಮ್ಮ ಚಿಮಣಿಗಳಿಂದ ಹೊರಟ ಹಳೆಯ ಇಂಗಾಲ ಆ ಮರದ ಮೈ ಸೇರಿತ್ತು. ಇದು 1955ರ ಮಾತು. ಇನ್ನು ಜ್ವಾಲಾಮುಖಿಗಳ ವಿಷಯ: ಅವೆಲ್ಲ ಸೇರಿ ವರ್ಷಕ್ಕೆ ಉಗುಳುವುದು ಮನುಷ್ಯರು ಬಿಡುವುದರ ನೂರನೇ ಒಂದು ಪಾಲಿಗಿಂತಲೂ ಕಡಿಮೆ.

ಈ ಅನಿಲ ಬಿಸಿಯನ್ನು ಹಿಡಿದಿಡುತ್ತದೆ ಎಂಬುದು ಇನ್ನೂ ಹಳೆಯ ಸುದ್ದಿ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಗಾಜಿನ ಕೊಳವೆಗಳಲ್ಲಿ ಥರ್ಮಾಮೀಟರ್ ಇಟ್ಟು, ಬೇರೆ ಬೇರೆ ಅನಿಲ ತುಂಬಿ, ಬಿಸಿಲಿಗಿಟ್ಟರು. ಕಾರ್ಬನ್ ಡೈಆಕ್ಸೈಡ್ ಇದ್ದ ಕೊಳವೆ ಉಳಿದವಕ್ಕಿಂತ ಜಾಸ್ತಿ ಕಾಯಿತು, ನೆರಳಿಗೆ ತಂದ ಮೇಲೂ ತಣ್ಣಗಾಗಲು ಬಹಳ ಹೊತ್ತು ಹಿಡಿಯಿತು. ಗಾಳಿಯಲ್ಲಿ ಈ ಅನಿಲ ಹೆಚ್ಚಿದ್ದ ಕಾಲದಲ್ಲಿ ಭೂಮಿ ಬಿಸಿಯಾಗಿದ್ದಿರಬೇಕು ಎಂದು ಅವರು ಆಗಲೇ ಬರೆದರು. ವಿಜ್ಞಾನಿಗಳ ಸಭೆಯಲ್ಲಿ ಅವರ ಪ್ರಬಂಧವನ್ನು ಓದಿದ್ದು ಜೋಸೆಫ್ ಹೆನ್ರಿ ಎಂಬ ಇನ್ನೊಬ್ಬರು. ಆಮೇಲೆ ಒಂದೂವರೆ ಶತಮಾನ ಫೂಟ್ ಅವರ ಹೆಸರು ಹೆಚ್ಚುಕಡಿಮೆ ಮರೆತೇ ಹೋಗಿತ್ತು. ನನಗೆ ಇದು ಈಗಲೂ ನೋವಿನ ವಿಷಯ. 1859ರಲ್ಲಿ ಜಾನ್ ಟಿಂಡಾಲ್ ಇನ್ನೂ ನಿಖರವಾದ ಅಳತೆ ಮಾಡಿದರು. 1896ರಲ್ಲಿ ಸ್ವೀಡನ್ನಿನ ಅರೇನಿಯಸ್ ಕೈಯಲ್ಲೇ ಲೆಕ್ಕ ಹಾಕಿ, ಅನಿಲ ಎರಡು ಪಟ್ಟಾದರೆ ಭೂಮಿ ಎಷ್ಟು ಬಿಸಿಯಾದೀತು ಎಂದು ಅಂದಾಜಿಸಿದರು.

ಗಾಳಿಯಲ್ಲಿ ಅದು ಎಷ್ಟಿದೆ ಎಂದು ಬಿಡದೆ ಅಳೆಯುವ ಕೆಲಸ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಶುರುವಾದದ್ದು 1958ರಲ್ಲಿ. ಶುರು ಮಾಡಿದವರು ಚಾರ್ಲ್ಸ್ ಕೀಲಿಂಗ್. ಆಗ ಗಾಳಿಯ ಪ್ರತಿ ಹತ್ತು ಲಕ್ಷ ಕಣಗಳಲ್ಲಿ ಸುಮಾರು 315 ಈ ಅನಿಲದವು. ಈಗ ಅದು 420 ದಾಟಿದೆ. ಅಂಟಾರ್ಕ್ಟಿಕಾದ ಮಂಜುಗಡ್ಡೆಯೊಳಗೆ ಸಿಕ್ಕಿಬಿದ್ದಿರುವ ಹಳೆಯ ಗಾಳಿಯ ಗುಳ್ಳೆಗಳಲ್ಲಿ, 8 ಲಕ್ಷ ವರ್ಷ ಹಿಂದಕ್ಕೆ ಹೋದರೂ ಎಲ್ಲೂ ಅದು 300ರ ಆಚೆ ಕಾಣುವುದಿಲ್ಲ.

ಬಹಳ ಜನ ಎಡವುವುದು ಇಲ್ಲೇ. ಹೊಗೆ ಸ್ವಲ್ಪ ಕಡಿಮೆಯಾದರೆ ಬಿಸಿಯೂ ಸ್ವಲ್ಪ ಇಳಿಯುತ್ತದೆ ಎಂದುಕೊಳ್ಳುತ್ತಾರೆ. ತಳದಲ್ಲಿ ಸಣ್ಣ ತೂತಿರುವ ಡ್ರಮ್ಮಿಗೆ ನಲ್ಲಿ ಬಿಟ್ಟಿದ್ದೀರಿ ಎಂದುಕೊಳ್ಳಿ. ನಲ್ಲಿಯನ್ನು ಚೂರು ತಿರುಗಿಸಿ ಕಡಿಮೆ ಮಾಡಿದರೆ ನೀರಿನ ಮಟ್ಟ ಇಳಿಯುತ್ತಾ? ಇಲ್ಲ, ಏರುವ ವೇಗ ಕಡಿಮೆಯಾಗುತ್ತದೆ, ಅಷ್ಟೇ. ತೂತಿನಿಂದ ಹೋಗುವಷ್ಟಕ್ಕಿಂತ ನಲ್ಲಿಯಿಂದ ಬರುವುದು ಜಾಸ್ತಿ ಇರುವವರೆಗೂ ಮಟ್ಟ ಏರುತ್ತಲೇ ಇರುತ್ತದೆ. 2020ರಲ್ಲಿ ಇಡೀ ಜಗತ್ತೇ ಈ ಪ್ರಯೋಗ ಮಾಡಿತು. ವಿಮಾನ ನಿಂತವು, ರಸ್ತೆ ಖಾಲಿಯಾದವು, ಕಾರ್ಖಾನೆ ಮುಚ್ಚಿದವು. ಆ ವರ್ಷ ಹೊರಬಿದ್ದ ಅನಿಲ ಶೇ. 5ಕ್ಕಿಂತ ತುಸು ಹೆಚ್ಚು ಕಡಿಮೆಯಾಯಿತು. ಆದರೂ ಮೇ ತಿಂಗಳಲ್ಲಿ ಮೌನಾ ಲೋವಾದ ಅಳತೆ 417 ತೋರಿಸಿತು, ಅಲ್ಲಿಯವರೆಗಿನ ದಾಖಲೆ ಅದು.

ಮಳೆ ಕೈಕೊಟ್ಟಾಗ, ಪ್ರವಾಹ ಬಂದಾಗ ಪ್ರಕೃತಿ ಮುನಿದಿದೆ, ಯಾವುದೋ ಶಾಪ ತಟ್ಟಿದೆ ಎನ್ನುವವರು ಈಗಲೂ ಇದ್ದಾರೆ. ಈ ಮಾತಿನಿಂದ ನನಗೆ ಆತಂಕವಾಗುತ್ತದೆ. ಶಾಪ ಎಂದರೆ ಕಾರಣ ಹುಡುಕುವುದೇ ನಿಂತುಹೋಗುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಸುರಿದಾಗ ಅದು ಒಮ್ಮೆಗೇ ಸುರಿಯುತ್ತದೆ. ಸುರಿಯದಿದ್ದಾಗ ಅದೇ ಬಿಸಿ ಗಾಳಿ ಮಣ್ಣಿನ ಪಸೆಯನ್ನು ಬೇಗ ಹೀರುತ್ತದೆ. ನೆರೆ, ಬರ ಎರಡಕ್ಕೂ ಬೇರು ಒಂದೇ. ಹೀಗೆ ಸಿಕ್ಕಿಕೊಂಡ ಬಿಸಿಯಲ್ಲಿ ಶೇ. 90ರಷ್ಟು ಸಮುದ್ರಕ್ಕೆ ಹೋಗುತ್ತದೆ. ಬಿಸಿಯಾದ ನೀರು ಹಿಗ್ಗುತ್ತದೆ, ಮಟ್ಟ ಏರುತ್ತದೆ. ಸಮುದ್ರದಲ್ಲಿ ಕರಗಿದ ಅನಿಲ ನೀರನ್ನು ಆಮ್ಲದ ಕಡೆಗೆ ಎಳೆಯುತ್ತದೆ, ಚಿಪ್ಪು ಕಟ್ಟಿಕೊಳ್ಳುವ ಜೀವಿಗಳಿಗೆ ಚಿಪ್ಪಿನ ಸಾಮಗ್ರಿ ಸಿಗುವುದೇ ಕಷ್ಟವಾಗುತ್ತದೆ.

ಒಂದು ಗಿಡ ನೆಟ್ಟರೆ ಪಾಪ ಪರಿಹಾರ ಆಯಿತು ಎನ್ನುವವರಿಗೂ ಒಂದು ಮಾತು. ಗಿಡ ನೆಡಿ, ಖಂಡಿತ ನೆಡಿ. ಆದರೆ ಅದು ಇಂಗಾಲ ಕೂಡಿಡಲು ದಶಕಗಳು ಬೇಕು, ಕಾಡ್ಗಿಚ್ಚು ಬಿದ್ದರೆ ಒಂದೇ ದಿನದಲ್ಲಿ ಎಲ್ಲ ವಾಪಸ್ ಗಾಳಿಗೆ.

ಹಾಗಾದರೆ ನಾನೊಬ್ಬ ಬದಲಾಗಿ ಏನು ಪ್ರಯೋಜನ? ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2022ರಲ್ಲಿ ಇದಕ್ಕೆ ಅಂಕಿ ಕೊಟ್ಟಿದೆ. ನಾವು ಓಡಾಡುವ, ಉಣ್ಣುವ, ಮನೆ ಕಟ್ಟುವ ರೀತಿ ಬದಲಾದರೆ, ಅದಕ್ಕೆ ತಕ್ಕ ವ್ಯವಸ್ಥೆಯೂ ಇದ್ದರೆ, 2050ರ ಹೊತ್ತಿಗೆ ಈ ಕ್ಷೇತ್ರಗಳ ಹೊರಸೂಸುವಿಕೆ ಶೇ. 40ರಿಂದ 70ರಷ್ಟು ಇಳಿಯಬಹುದು. ಹೊರೆ ಎಲ್ಲರದೂ ಸಮ ಅಲ್ಲ ಎಂಬುದೂ ಅದೇ ವರದಿಯಲ್ಲಿದೆ: ಜಗತ್ತಿನ ಮನೆಗಳ ಒಟ್ಟು ಹೊರಸೂಸುವಿಕೆಯಲ್ಲಿ, ಅತಿ ಹೆಚ್ಚು ಹೊರಬಿಡುವ ಶೇ. 10ರಷ್ಟು ಮನೆಗಳ ಪಾಲೇ ಶೇ. 34ರಿಂದ 45. ಬಸ್ಸಿಗೆ ಕಾಯುವವರಿಗೆ ಉಪದೇಶ ಮಾಡುವ ಮೊದಲು ಈ ಅಂಕಿ ನೋಡಬೇಕು.

ಬೇಗ ಫಲ ಕಾಣುವ ಜಾಗವೂ ಒಂದಿದೆ. ತಟ್ಟೆಯಲ್ಲಿ ಬಿಟ್ಟ ಊಟ ಕಸದ ರಾಶಿಯಡಿ ಗಾಳಿಯಾಡದೆ ಕೊಳೆತಾಗ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ, ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡಿಗಿಂತ 25 ಪಟ್ಟಿಗೂ ಜಾಸ್ತಿ ಬಿಸಿ ಹಿಡಿಯುತ್ತದೆ. ಆದರೆ ಅದರ ಆಯುಸ್ಸು ಗಾಳಿಯಲ್ಲಿ ಸುಮಾರು 12 ವರ್ಷ ಮಾತ್ರ. ಮೀಥೇನ್ ಹುಟ್ಟುವುದನ್ನು ಇವತ್ತು ತಡೆದರೆ, ಗಾಳಿಯಲ್ಲಿ ಅದರ ಪ್ರಮಾಣ ಇಳಿಯುವುದನ್ನು ಈಗ ಶಾಲೆಗೆ ಹೋಗುವ ಮಕ್ಕಳು ಕಾಲೇಜು ಮುಗಿಸುವಷ್ಟರಲ್ಲಿ ಉಪಕರಣಗಳು ಅಳೆದು ತೋರಿಸುತ್ತವೆ.