ವರ್ಡ್‌ಪ್ರೆಸ್‌ನಲ್ಲಿ ಕನ್ನಡ: ಸಂಸ್ಥೆಯ ವೆಬ್‌ಸೈಟ್ ನೋಡಿಕೊಳ್ಳುವವರಿಗೆ ನನ್ನ ಟಿಪ್ಪಣಿ

ಬೆಂಗಳೂರಿನ ಪೀಣ್ಯದ ಹತ್ತಿರ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುವ ಒಂದು ಸಣ್ಣ ಸಂಸ್ಥೆಯ ವೆಬ್‌ಸೈಟನ್ನು ನಾನು ನೋಡಿಕೊಳ್ಳುತ್ತೇನೆ. ಸೈಟ್ ವರ್ಡ್‌ಪ್ರೆಸ್‌ನಲ್ಲಿದೆ, ಅಂದರೆ ಕೋಡ್ ಬರೆಯದೆಯೇ ವೆಬ್‌ಸೈಟ್ ನಡೆಸಲು ಬಿಡುವ ತಂತ್ರಾಂಶದಲ್ಲಿ. ನಿಮ್ಮಲ್ಲಿ ಕೆಲವರು ಇಂಥದ್ದೇ ಕೆಲಸ ಶುರು ಮಾಡಿದ್ದೀರಿ ಅಲ್ವಾ, ಹಾಗಾಗಿ ಕಲಿತದ್ದನ್ನು ಬರೆದಿಡುತ್ತಿದ್ದೇನೆ. ನನಗೆ ಮುಖ್ಯ ಅನಿಸಿದ್ದು ಒಂದೇ: ಪಾಠ ಹೇಳುವ ಟೀಚರೇ ಬಂದು ಸೈಟಿಗೆ ಕನ್ನಡದಲ್ಲಿ ಬರೆಯುವ ಹಾಗಿರಬೇಕು.

ಮೊದಲು ಪೇಜ್ ಮತ್ತು ಪೋಸ್ಟ್. ವಿಳಾಸ, ದೇಣಿಗೆ, ನಮ್ಮ ಬಗ್ಗೆ, ಇವು ಪೇಜ್. ತಾರೀಖಿನ ಜೊತೆ ಬರುವ ಸುದ್ದಿ ಪೋಸ್ಟ್. ನಮ್ಮ ಸೈಟಿನಲ್ಲಿ ಮೊದಲು ಎಲ್ಲವೂ ಪೇಜೇ ಆಗಿತ್ತು, ಪ್ರತಿ ಶಿಬಿರಕ್ಕೂ ಮೆನುವಿನಲ್ಲಿ ಒಂದೊಂದು ಸಾಲು ಸೇರುತ್ತಾ ಹೋಗಿ ಕೊನೆಗೆ ಫೋನಿನಲ್ಲಿ ದೇಣಿಗೆ ಬಟನ್ ಹುಡುಕುವುದೇ ಕಷ್ಟವಾಗಿತ್ತು.

ಜಾಸ್ತಿ ಹೊತ್ತು ಕೊಡಬೇಕಾದದ್ದು ಕನ್ನಡ ಅಕ್ಷರಕ್ಕೆ. ನಮ್ಮ ಹಳೆಯ ವರದಿಗಳೆಲ್ಲ ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು. ಕಾಪಿ ಮಾಡಿ ಎಡಿಟರ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬಂತು. ಯಾಕೆ ಅಂದರೆ ಆ ಫೈಲಿನ ಒಳಗಿರುವುದೇ ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತದೆ ಅಷ್ಟೇ. ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೇ ಅಂತ 128 ಸ್ಥಾನಗಳಿವೆ, ಅಲ್ಲಿ 'ಕ' ಎಲ್ಲಿ ಹೋದರೂ 'ಕ' ಆಗಿಯೇ ಇರುತ್ತದೆ. ಈ ತೊಂದರೆ ತಪ್ಪಿಸಲು ಕೆಲವರು ವರದಿಯ ಫೋಟೋ ತೆಗೆದು ಹಾಕುತ್ತಾರೆ. ದಯವಿಟ್ಟು ಬೇಡ. ಅದರೊಳಗಿನ ಮಾತನ್ನು ಹುಡುಕುವುದು ಕಷ್ಟ, ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್‌ಗೂ ಅದು ಬರೀ ಚಿತ್ರ. ಆಸ್ಕಿಯಿಂದ (ಈ ಹಳೆಯ ಫಾಂಟಿನ ಬರಹಕ್ಕೆ ಹಾಗೆ ಹೇಳುತ್ತಾರೆ) ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒಂದು ಸಲ ಪೂರ್ತಿ ಓದಿ, ಅದರಲ್ಲೂ ಅರ್ಕಾವತ್ತು ಇರುವ ಪದಗಳನ್ನು. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ಕನ್ನಡ ಅಕ್ಷರಗಳ ಕಲಸುಮೇಲೋಗರ ಆಗಿರುತ್ತದೆ.

ಸ್ಲಗ್ ಅಂದರೆ ಲಿಂಕಿನ ಕೊನೆಯ ಭಾಗ. ಶೀರ್ಷಿಕೆ ಕನ್ನಡದಲ್ಲಿದ್ದರೆ ಅದೂ ಕನ್ನಡದಲ್ಲೇ ಆಗುತ್ತದೆ. ಚೆನ್ನಾಗಿದೆ ಅನಿಸುತ್ತದೆ, ಆದರೆ ಆ ಲಿಂಕ್ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಶೇಕಡಾ ಚಿಹ್ನೆಗಳ ಉದ್ದ ಬಾಲ ಬರುತ್ತದೆ. ಲೆಕ್ಕ ಹೀಗೆ: ಕಂಪ್ಯೂಟರಿನಲ್ಲಿ ಕನ್ನಡದ ಒಂದು ಅಕ್ಷರಕ್ಕೆ ಬೇಕಾದ ಜಾಗ 3 ಬೈಟ್, ಲಿಂಕಿನಲ್ಲಿ ಒಂದು ಬೈಟ್ ಬರೆಯಲು 3 ಚಿಹ್ನೆ, ಒಟ್ಟು 9. ಕೊಂಬು, ದೀರ್ಘ ಎಲ್ಲಕ್ಕೂ ಬೇರೆ ಬೇರೆ 9, ಒತ್ತಿಗೆ 18. ಸ್ಲಗ್‌ಗೆ ಇರುವ ಜಾಗ 200 ಚಿಹ್ನೆ. 'ಬೇಸಿಗೆ ಶಿಬಿರಕ್ಕೆ ಹೆಸರು ನೋಂದಾಯಿಸಿ' ಅಂತ ಶೀರ್ಷಿಕೆ ಕೊಟ್ಟರೆ ಕೊನೆಯ ಪದ ತುಂಡಾಗುತ್ತದೆ. ಅದಕ್ಕೇ ಪ್ರಕಟಿಸುವ ಮೊದಲು ಸ್ಲಗ್ಗನ್ನು ಇಂಗ್ಲಿಷ್ ಅಕ್ಷರದಲ್ಲಿ ಎರಡು ಪದಕ್ಕೆ ಇಳಿಸಿ. ಶೀರ್ಷಿಕೆ ಕನ್ನಡದಲ್ಲೇ ಇರಲಿ.

ಫೋಟೋ ಬಗ್ಗೆ ಚುಟುಕಾಗಿ. 2019ರ 5.3 ಆವೃತ್ತಿಯಿಂದ ವರ್ಡ್‌ಪ್ರೆಸ್ ತುಂಬಾ ದೊಡ್ಡ ಚಿತ್ರವನ್ನು ತಾನೇ 2560 ಪಿಕ್ಸೆಲ್‌ಗೆ ಇಳಿಸಿಕೊಳ್ಳುತ್ತದೆ. ಆದರೂ ಮೊದಲೇ ಚಿಕ್ಕದು ಮಾಡಿ ಹಾಕಿ, ನೋಡುವವರ ಡೇಟಾ ಉಳಿಯುತ್ತದೆ. ಆಲ್ಟ್ ಟೆಕ್ಸ್ಟ್‌ನಲ್ಲಿ, ಅಂದರೆ ಸ್ಕ್ರೀನ್ ರೀಡರ್ ಓದಿ ಹೇಳುವ ಚಿತ್ರದ ವಿವರಣೆಯಲ್ಲಿ, ಸುಮ್ನೆ 'ಫೋಟೋ' ಅಂತ ಬರೆಯಬೇಡಿ, ಅದರಲ್ಲಿ ಏನಿದೆ ಅಂತ ಬರೆಯಿರಿ.

ಇನ್ನು ಯಾರಿಗೆ ಯಾವ ಅಧಿಕಾರ. ಸೈಟಿನಲ್ಲಿ ಏನು ಬೇಕಾದರೂ ಬದಲಿಸಬಲ್ಲ ಅಡ್ಮಿನ್ ಇಬ್ಬರೇ ಸಾಕು, ಒಬ್ಬರೇ ಆದರೆ ಅವರು ಬಿಟ್ಟು ಹೋದ ದಿನ ಸೈಟಿನ ಬಾಗಿಲೇ ಮುಚ್ಚಿದ ಹಾಗೆ. ಟೀಚರಿಗೆ ಮೊದಲು ಕಾಂಟ್ರಿಬ್ಯೂಟರ್ ಅನ್ನುವ ಅಧಿಕಾರ ಕೊಟ್ಟಿದ್ದೆ. ಅದರಲ್ಲಿ ಬರೆಯಬಹುದು, ಆದರೆ ಪ್ರಕಟಿಸಲು ಆಗುವುದಿಲ್ಲ, ಫೋಟೋ ಅಪ್‌ಲೋಡ್ ಮಾಡಲೂ ಆಗುವುದಿಲ್ಲ. ಫೋಟೋ ಇಲ್ಲದೆ ಶಿಬಿರದ ಸುದ್ದಿ ಹೇಗೆ? ಅದಕ್ಕೇ ಆಥರ್ ಅನ್ನುವ ಅಧಿಕಾರ ಕೊಟ್ಟೆ. ತಮ್ಮ ಪೋಸ್ಟನ್ನು ತಾವೇ ಪ್ರಕಟಿಸುತ್ತಾರೆ, ಬೇರೆಯವರದ್ದನ್ನು ಮುಟ್ಟಲು ಆಗುವುದಿಲ್ಲ.

"ಏನಾದ್ರೂ ಹಾಳಾದ್ರೆ?" ಅಂತ ಟೀಚರ್ ಹೆದರಿದರು. ನಿಮ್ಮಲ್ಲೂ ಹೀಗೆ ಕೇಳಿದರೆ ಎಡಿಟರ್‌ನಲ್ಲಿರುವ ರಿವಿಷನ್ ತೋರಿಸಿ. ಹಳೆಯ ರೂಪಗಳು ಅಲ್ಲೇ ಇರುತ್ತವೆ, ಬೇಕಾದದ್ದಕ್ಕೆ ವಾಪಸ್ ಹೋಗಬಹುದು. ಅಳಿಸಿದ ಪೋಸ್ಟ್ ಕೂಡ 30 ದಿನ ಟ್ರ್ಯಾಶ್ ಅನ್ನುವ ಕಸದಬುಟ್ಟಿಯಲ್ಲಿರುತ್ತದೆ. ಫೋಟೋ ಮಾತ್ರ ಹಾಗಲ್ಲ. ಸೆಟ್ಟಿಂಗ್ ಬದಲಿಸದಿದ್ದರೆ, ಮೀಡಿಯಾ ಲೈಬ್ರರಿಯಿಂದ (ಅಪ್‌ಲೋಡ್ ಮಾಡಿದ ಚಿತ್ರಗಳಿರುವ ಜಾಗ) ಅಳಿಸಿದ ಚಿತ್ರ ನೇರವಾಗಿ ಹೋಗಿಬಿಡುತ್ತದೆ. ಹಾಗಾಗಿ ಮೂಲ ಫೋಟೋಗಳ ಒಂದು ಪ್ರತಿಯನ್ನು ಆಫೀಸಿನ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರಿ.