ವಿಟಮಿನ್ ಡಿ ಮತ್ತೆ ಫೈಬ್ರಾಯ್ಡ್: ನಾನು ಬರ್ಕೊಂಡ ನೋಟ್ಸ್

ಪೆಥಾಲಜಿ ಮ್ಯೂಸಿಯಂನಲ್ಲಿ ಜಾರ್‌ನೊಳಗೆ ಇಟ್ಟಿರೋ ಫೈಬ್ರಾಯ್ಡ್ ನೋಡಿದ್ದೀರಲ್ಲ, ಕುಯ್ದಿರೋ ಕಡೆ ಬೆಳ್ಳಗೆ, ದಾರದುಂಡೆ ಥರ ಸುರುಳಿ ಸುರುಳಿ, ಅದನ್ನ ತಲೇಲಿ ಇಟ್ಕೊಂಡೇ ಇದನ್ನ ಓದಿ. ಗರ್ಭಕೋಶದ ಆ ಗಡ್ಡೇಲಿ ಇರೋದು ಬರೀ ಸ್ನಾಯುಕೋಶ ಅಲ್ಲ, ಮಧ್ಯೆ ಕೊಲ್ಯಾಜೆನ್, ಫೈಬ್ರೊನೆಕ್ಟಿನ್ ಅನ್ನೋ ನಾರಿನಂಥ ಪ್ರೋಟೀನ್ ಸಿಕ್ಕಾಪಟ್ಟೆ ತುಂಬಿರುತ್ತೆ, ಅಷ್ಟು ಗಟ್ಟಿ ಆಗೋದು ಅದ್ರಿಂದ್ಲೇ. ಅದನ್ನ ಜಾಸ್ತಿ ಮಾಡಿಸೋದ್ರಲ್ಲಿ ಟಿಜಿಎಫ್-ಬೀಟಾ 3 ಅನ್ನೋ ಸಿಗ್ನಲ್ ಪ್ರೋಟೀನ್‌ದೇ ದೊಡ್ಡ ಕಿತಾಪತಿ. ಲ್ಯಾಬ್‌ನಲ್ಲಿ ಬೆಳೆಸಿದ ಫೈಬ್ರಾಯ್ಡ್ ಕೋಶಕ್ಕೆ ಆಕ್ಟಿವ್ ವಿಟಮಿನ್ ಡಿ ಹಾಕಿದ್ರೆ ಅದರ ಆಟ ಕಮ್ಮಿ ಆಗುತ್ತೆ, ಕೋಶ ಹೆಚ್ಚೋದೂ ನಿಧಾನ ಆಗುತ್ತೆ. 2012ರಲ್ಲಿ ಏಕರ್ ಅನ್ನೋ ತಳಿ ಇಲಿಗಳಿಗೆ (ಇವಕ್ಕೆ ಹುಟ್ಟಿನಿಂದ್ಲೇ ಜೀನ್ ದೋಷ, ಫೈಬ್ರಾಯ್ಡ್ ತಾನಾಗೇ ಬರುತ್ತೆ) ಅದೇ ಆಕ್ಟಿವ್ ವಿಟಮಿನ್ ಡಿನ ಮೂರು ವಾರ ಕೊಟ್ಟು ನೋಡಿದ್ರು, ಗಡ್ಡೆ ಚಿಕ್ಕದಾಯ್ತು.

ಸರಿ, ಮನುಷ್ಯರಲ್ಲಿ? ಎಲ್ಲರೂ ಹೇಳೋದು 2013ರ ಅಮೆರಿಕದ ಸ್ಟಡಿ. ವಾಷಿಂಗ್ಟನ್ ಡಿಸಿ ಕಡೆಯ 35ರಿಂದ 49 ವಯಸ್ಸಿನ ಸಾವಿರದಷ್ಟು ಹೆಂಗಸರು. ರಕ್ತದಲ್ಲಿ ವಿಟಮಿನ್ ಡಿ ಎಂಎಲ್‌ಗೆ 20 ನ್ಯಾನೋಗ್ರಾಂ ಮೇಲಿದ್ದವರಲ್ಲಿ ಫೈಬ್ರಾಯ್ಡ್ ಆಡ್ಸ್ (ಗಡ್ಡೆ ಇರೋರಿಗೂ ಇಲ್ಲದೋರಿಗೂ ಇರೋ ಅನುಪಾತ) 32% ಕಮ್ಮಿ. ಅಷ್ಟು ಲೆವೆಲ್ ಇದ್ದಿದ್ದು ಬಿಳಿಯರಲ್ಲಿ ಅರ್ಧದಷ್ಟು ಜನಕ್ಕೆ, ಕಪ್ಪು ಹೆಂಗಸರಲ್ಲಿ ಬರೀ 10% ಜನಕ್ಕೆ, ಯಾಕಂದ್ರೆ ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ ಜಾಸ್ತಿ ಇದ್ರೆ ಅದೇ ಬಿಸಿಲಲ್ಲಿ ವಿಟಮಿನ್ ಡಿ ಕಮ್ಮಿ ತಯಾರಾಗುತ್ತೆ.

ವೈವಾದಲ್ಲಿ ಸಿಕ್ಕಿಹಾಕ್ಕೊಳ್ಳೋದು ಇಲ್ಲೇ. ಅದು ಕ್ರಾಸ್ ಸೆಕ್ಷನಲ್, ರಕ್ತ ಮತ್ತೆ ಸ್ಕ್ಯಾನ್ ಒಟ್ಟೊಟ್ಟಿಗೆ, ಯಾವುದು ಮೊದ್ಲು ಬಂತು ಅಂತ ಹೇಳಕ್ಕಾಗಲ್ಲ. ಮೈಯಲ್ಲಿ ಕೊಬ್ಬು ಜಾಸ್ತಿ ಇದ್ರೆ ವಿಟಮಿನ್ ಡಿ ಅದ್ರಲ್ಲೇ ಹೋಗಿ ಕೂತ್ಕೊಂಡು ರಕ್ತದಲ್ಲಿ ಕಮ್ಮಿ ಕಾಣುತ್ತೆ, ಅದೇ ಕೊಬ್ಬು ಈಸ್ಟ್ರೊಜೆನ್ನೂ ಹೆಚ್ಚಿಸುತ್ತೆ, ಹಾಗಾದ್ರೆ ಗಡ್ಡೆಗೆ ಕಾರಣ ಯಾರು? ಅದಕ್ಕೇ ನಂಗೆ ಡೆಟ್ರಾಯ್ಟ್ ಸ್ಟಡಿ ಮೇಲೆ ನಂಬಿಕೆ ಜಾಸ್ತಿ, ಅಲ್ಲಿ ಆಫ್ರಿಕನ್ ಅಮೆರಿಕನ್ ಯುವತಿಯರಿಗೆ ವರ್ಷಗಟ್ಟಲೆ ಮತ್ತೆ ಮತ್ತೆ ಸ್ಕ್ಯಾನ್ ಮಾಡಿದ್ರು. 20ರ ಮೇಲಿದ್ದವರಲ್ಲಿ ಗಡ್ಡೆ ಬೆಳೆಯೋದು ಸುಮಾರು 10% ಕಮ್ಮಿ. ಸಣ್ಣ ನಂಬರ್, ಆದ್ರೆ ಅದೇ ದಿಕ್ಕು. ಇಷ್ಟಕ್ಕೇ ಮಾತ್ರೆಯಿಂದ ಗಡ್ಡೆ ಕರಗುತ್ತೆ ಅಂತ ಬರೀಬೇಡಿ, ಸಿಕ್ಕಾಪಟ್ಟೆ ತಗೊಂಡ್ರೆ ಕ್ಯಾಲ್ಸಿಯಂ ಏರುತ್ತೆ ಬೇರೆ.

ಟೆಸ್ಟ್‌ನಲ್ಲಿ ನೋಡೋದು 25-ಹೈಡ್ರಾಕ್ಸಿ ವಿಟಮಿನ್ ಡಿ, ಅಂದ್ರೆ ರಕ್ತದಲ್ಲಿ ಓಡಾಡೋ ರೂಪ, ಆಕ್ಟಿವ್ ರೂಪ ಅಲ್ಲ. ಯೂನಿಟ್ ಕೂಡ ನೋಡಿ, ಎಂಎಲ್‌ಗೆ 20 ನ್ಯಾನೋಗ್ರಾಂ ಅಂದ್ರೆ ಲೀಟರಿಗೆ 50 ನ್ಯಾನೋಮೋಲ್. ಇಂಟರ್ನಲ್ಸ್‌ನಲ್ಲಿ ನಾನು 50 ನೋಡಿ ‘ಭರ್ಜರಿ ಇದೆ’ ಅಂತ ಬರೆದು ಮಾರ್ಕ್ಸ್ ಕಳ್ಕೊಂಡೆ.