ಅಟೆಸ್ಟೇಷನ್: ಬ್ರೌಸರಿಗೂ ಬೇಕೇ ಹಸಿರು ಇಂಕಿನ ಸಹಿ?

ಅಂಕಪಟ್ಟಿಯ ಜೆರಾಕ್ಸ್ ಹಿಡಿದು ಪತ್ರಾಂಕಿತ ಅಧಿಕಾರಿಗಾಗಿ ಅಲೆದವರಿಗೆ ‘ಅಟೆಸ್ಟ್ ಮಾಡಿಸೋದು’ ಅಂದರೆ ಏನೆಂದು ಹೇಳಬೇಕಿಲ್ಲ. ಮೂಲ ಪ್ರತಿ ಕೈಯಲ್ಲೇ ಇದ್ದರೂ ಹಸಿರು ಇಂಕಿನ ಸಹಿ, ಸೀಲು ಬೀಳುವವರೆಗೆ ನಿಮ್ಮ ಮಾತಿಗೆ ಬೆಲೆ ಇರುತ್ತಿರಲಿಲ್ಲ. ಕಂಪ್ಯೂಟರ್ ಲೋಕದ ಅಟೆಸ್ಟೇಷನ್ ಕೂಡ ಇದೇ. ಆದರೆ ಸಹಿ ಬೀಳುವುದು ನಿಮ್ಮ ಫೋನು, ಬ್ರೌಸರಿನ ಮೇಲೆ.

‘ಈ ಯಂತ್ರದಲ್ಲಿ ಓಡುತ್ತಿರುವ ಸಾಫ್ಟ್‌ವೇರ್ ಅಸಲಿಯೇ?’ ಎಂದು ಆ್ಯಪ್ ಕೇಳುತ್ತದೆ. ಉತ್ತರ ಕೊಡುವವರು ನೀವಲ್ಲ, ಸಾಮಾನ್ಯವಾಗಿ ಫೋನಿನ ಆಪರೇಟಿಂಗ್ ಸಿಸ್ಟಮ್ ಮಾಡಿದ ಕಂಪನಿ. ಅದು ಡಿಜಿಟಲ್ ಸಹಿ ಹಾಕಿದ ಚೀಟಿ ಕೊಟ್ಟರೆ ಒಳಗೆ, ಇಲ್ಲದಿದ್ದರೆ ಹೊರಗೆ. ಆಂಡ್ರಾಯ್ಡ್‌ನಲ್ಲಿ ಈ ಕೆಲಸ ಮಾಡುವುದು ಗೂಗಲ್‌ನ ಪ್ಲೇ ಇಂಟೆಗ್ರಿಟಿ ಎಂಬ ಸೇವೆ. ಅಪ್‌ಡೇಟ್ ನಿಂತುಹೋದ ಹಳೇ ಫೋನಿಗೆ ಲಿನೇಜ್ ಓಎಸ್ (ಸ್ವಯಂಸೇವಕರು ಕಟ್ಟುವ ಆಂಡ್ರಾಯ್ಡ್ ಆವೃತ್ತಿ) ಹಾಕಿಕೊಂಡರೆ ಹೊಸ ಭದ್ರತಾ ಪ್ಯಾಚುಗಳು ಸಿಗಬಹುದು. ಆದರೂ ಬ್ಯಾಂಕ್ ಆ್ಯಪ್ ತೆರೆಯದೇ ಇರಬಹುದು. ಫೋನು ಎಷ್ಟು ಭದ್ರ ಅನ್ನುವುದಕ್ಕಿಂತ ಒಪ್ಪಿದ ಪಟ್ಟಿಯಲ್ಲಿದೆಯೇ ಅನ್ನುವುದೇ ಇಲ್ಲಿ ಮುಖ್ಯವಾಗಿಬಿಡುತ್ತದೆ.

ವೆಬ್ ಮಾತ್ರ ಮೊದಲಿನಿಂದ ನಡೆದಿರುವುದು ‘ಸೆಲ್ಫ್ ಅಟೆಸ್ಟೇಷನ್’ ಮೇಲೆ. ಬ್ರೌಸರ್ ತಾನು ಯಾರೆಂದು ತಾನೇ ಹೇಳಿಕೊಳ್ಳುತ್ತದೆ, ಸೈಟ್ ನಂಬುತ್ತದೆ. ಸುಳ್ಳೂ ಹೇಳಬಹುದು! ಇವತ್ತಿಗೂ ಕ್ರೋಮ್ ತನ್ನ ಪರಿಚಯ ಶುರು ಮಾಡುವುದು ‘ಮೊಜಿಲ್ಲಾ/5.0’ ಅಂತಲೇ. ಅದು ಹಳೇ ನೆಟ್‌ಸ್ಕೇಪ್ ಬ್ರೌಸರಿನ ಗುರುತು. ಹಿಂದೆ ಕೆಲವು ಸೈಟುಗಳು ಆ ಹೆಸರು ನೋಡಿ ಒಳ್ಳೇ ಪುಟ ಕೊಡುತ್ತಿದ್ದವು, ಹಾಗಾಗಿ ಬೇರೆ ಬ್ರೌಸರುಗಳೂ ಅದೇ ಹೆಸರು ಹೇಳಲು ಕಲಿತವು. ಈ ಸಡಿಲಿನಿಂದಲೇ ಹೊಸ ಬ್ರೌಸರುಗಳು ಯಾರ ಅಪ್ಪಣೆಯನ್ನೂ ಕೇಳದೆ ಹುಟ್ಟಿಕೊಂಡವು.

2023ರಲ್ಲಿ ಗೂಗಲ್ ಎಂಜಿನಿಯರುಗಳು ‘ವೆಬ್ ಎನ್ವಿರಾನ್ಮೆಂಟ್ ಇಂಟೆಗ್ರಿಟಿ’ ಎಂಬ ಪ್ರಸ್ತಾಪ ಮುಂದಿಟ್ಟರು. ಸೈಟಿಗೂ ಸಹಿ ಚೀಟಿ ತೋರಿಸುವ ವ್ಯವಸ್ಥೆ ಅದು. ಮನುಷ್ಯರಂತೆ ನಟಿಸುವ ಬಾಟ್ ಪ್ರೋಗ್ರಾಮುಗಳು, ನಕಲಿ ಕ್ಲಿಕ್ಕುಗಳ ಕಾಟ ನಿಜವೇ, ಇಲ್ಲ ಅನ್ನೋಕಾಗಲ್ಲ. ಆದರೆ ಜಾಹೀರಾತು ತಡೆಯುವ ಅಥವಾ ಯಾರೋ ಮನೆಯಲ್ಲಿ ಕೂತು ಬರೆದ ಬ್ರೌಸರಿಗೆ ಆ ಚೀಟಿ ಕೊಡುವವರು ಯಾರು? ಸೈಟುಗಳು ಚೀಟಿಯನ್ನೇ ನೆಚ್ಚಿಕೊಳ್ಳದಂತೆ ಒಂದಷ್ಟು ಸಲ ಬೇಕೆಂದೇ ಕೊಡದೆ ಇರಬಹುದು ಎಂಬ ಯೋಚನೆಯೂ ಪ್ರಸ್ತಾಪದಲ್ಲಿತ್ತು. ನನಗದು ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟ ಹಾಗೆ ಕಂಡಿತು. ಫೈರ್‌ಫಾಕ್ಸ್ ಬ್ರೌಸರಿನ ಮೊಜಿಲ್ಲಾ, ಬೇರೆ ಬ್ರೌಸರುಗಳಾದ ಬ್ರೇವ್, ವಿವಾಲ್ಡಿ ವಿರೋಧಿಸಿದವು. ನವೆಂಬರ್‌ನಲ್ಲಿ ಗೂಗಲ್ ಅದನ್ನು ಕೈಬಿಟ್ಟು, ಆ್ಯಪ್‌ಗಳೊಳಗೆ ವೆಬ್ ಪುಟ ತೋರಿಸುವ ಆಂಡ್ರಾಯ್ಡ್ ವೆಬ್‌ವ್ಯೂಗೆ ಸೀಮಿತವಾದ ಚಿಕ್ಕ ಯೋಜನೆ ಮುಂದಿಟ್ಟಿತು.

ಆ್ಯಪಲ್ ಇಂಥದ್ದನ್ನೇ 2022ರಲ್ಲಿ ಐಓಎಸ್ 16ರ ಜೊತೆ ತಂದಿತ್ತು, ‘ಪ್ರೈವೇಟ್ ಆಕ್ಸೆಸ್ ಟೋಕನ್’ ಎಂಬ ಹೆಸರಿನಲ್ಲಿ. ‘ನೀವು ಮನುಷ್ಯರೇ?’ ಎಂದು ಪರೀಕ್ಷಿಸುವ ಕ್ಯಾಪ್ಚಾ ಕಾಟ ತಪ್ಪಿಸುವುದೇ ಉದ್ದೇಶ. ಆಗ ಇಷ್ಟು ಗಲಾಟೆ ಆಗಲಿಲ್ಲ.

ಅಟೆಸ್ಟೇಷನ್ನಿನ ಹತ್ತಿರದ ನೆಂಟ ಡಿಆರ್‌ಎಂ, ಅಂದರೆ ವಿಡಿಯೋ, ಪುಸ್ತಕಗಳಿಗೆ ಹಾಕುವ ಡಿಜಿಟಲ್ ಬೀಗ. ಓಟಿಟಿಯಲ್ಲಿ ಸ್ಕ್ರೀನ್‌ಶಾಟ್ ತೆಗೆದಾಗ ಬರೀ ಕಪ್ಪು ಬರುತ್ತದಲ್ವಾ, ಅದು ಇದರದೇ ಕೆಲಸ. ಬ್ರೌಸರಿನಲ್ಲಿ ಈ ಬೀಗಕ್ಕೆ ದಾರಿ ಮಾಡಿಕೊಡುವ ಇಎಂಇ 2017ರ ಸೆಪ್ಟೆಂಬರ್‌ನಲ್ಲಿ ವೆಬ್‌ನ ನಿಯಮ ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿಯ ಮಾನದಂಡವಾಯಿತು. ಭದ್ರತೆಯ ದೋಷ ಹುಡುಕುವವರ ಮೇಲೆ ಕೇಸು ಹಾಕುವುದಿಲ್ಲ ಎಂಬ ಖಾತ್ರಿ ಕೊಡಿ ಅಂತ ಡಿಜಿಟಲ್ ಹಕ್ಕುಗಳ ಅಮೆರಿಕನ್ ಸಂಸ್ಥೆ ಇಎಫ್‌ಎಫ್ ಕೇಳಿತ್ತು. ಅದು ಸಿಗದೆ ಡಬ್ಲ್ಯೂ3ಸಿಯಿಂದಲೇ ಹೊರನಡೆಯಿತು. ನಮ್ಮಲ್ಲಿ 2012ರಲ್ಲಿ ಸೇರಿಸಿದ ಹಕ್ಕುಸ್ವಾಮ್ಯ ಕಾಯ್ದೆಯ 65ಎ ಕಲಂ ಅಮೆರಿಕದ ಕಾನೂನಿಗಿಂತ ತುಸು ಮೃದು: ಹಕ್ಕು ಕದಿಯುವ ಉದ್ದೇಶದಿಂದ ಬೀಗ ಮುರಿದರೆ ಮಾತ್ರ ಅಪರಾಧ, 2 ವರ್ಷದವರೆಗೆ ಜೈಲು.

ಈ ಬೀಗದಲ್ಲೂ ದರ್ಜೆಗಳಿವೆ. ಗೂಗಲ್‌ನ ವೈಡ್‌ವೈನ್‌ನಲ್ಲಿ ಎಲ್1 ಅಂದರೆ ಕೆಲಸ ಹಾರ್ಡ್‌ವೇರ್ ಒಳಗೇ ನಡೆಯುತ್ತದೆ, ಎಲ್3 ಅಂದರೆ ಬರೀ ಸಾಫ್ಟ್‌ವೇರ್. ಎಲ್3 ಫೋನಿಗೆ ಅನೇಕ ಓಟಿಟಿಗಳು ಎಚ್‌ಡಿ ಕೊಡುವುದಿಲ್ಲ, ನೀವು ಚಂದಾ ಪೂರ್ತಿ ಕಟ್ಟಿದ್ದರೂ. ಆಂಡ್ರಾಯ್ಡ್‌ನ ನೆಟ್‌ಫ್ಲಿಕ್ಸ್ ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ‘ಪ್ಲೇಬ್ಯಾಕ್ ಸ್ಪೆಸಿಫಿಕೇಶನ್’ ತೆರೆದರೆ ನಿಮ್ಮ ಫೋನು ಯಾವ ದರ್ಜೆ ಅಂತ ಕಾಣುತ್ತದೆ.